ಇಳಿಜಾರಿನಲ್ಲಿ ಗೇರ್, ಸಿಗ್ನಲ್‌ನಲ್ಲಿ ಬ್ರೇಕ್

ಉದ್ದದ ಇಳಿಜಾರಿನಲ್ಲಿ ಮುಂದಿನ ಕಾರಿನ ಬ್ರೇಕ್ ಲೈಟ್ ಆರದೆ ಉರಿಯುತ್ತಲೇ ಇದ್ದರೆ ನನಗೆ ನಿಜವಾಗಲೂ ಭಯವಾಗುತ್ತದೆ. ಒಂದೆರಡು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಅದು ಬ್ರೇಕ್ ಪ್ಯಾಡ್ ಕಾದ ವಾಸನೆ. ಬ್ರೇಕ್ ವೇಗವನ್ನು ಶಾಖವಾಗಿ ಬದಲಿಸುತ್ತದೆ, ಅಷ್ಟೇ. ಆ ಶಾಖ ಹೊರಗೆ ಹೋಗಲು ಬಿಡುವು ಬೇಕಲ್ವಾ? ಬಿಡುವೇ ಸಿಗದಿದ್ದರೆ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಇನ್ನೂ ಕೆಟ್ಟದ್ದು, ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್‌ಗೆ ಆ ಮಿತಿ 155 ಮಾತ್ರ. ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಸುಮ್ನೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಆಗ ಗಾಳಿಯ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಪಿಸ್ಟನ್‌ಗಳು ಕಷ್ಟಪಟ್ಟು ಎಳೆಯಬೇಕು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಆ ಹೊತ್ತಿಗೆ ಇಂಧನವೂ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿತಾಯ ಅನ್ನುವವರು ದಯವಿಟ್ಟು ಗಮನಿಸಿ, ಅಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕೇ ಬೇಕು.

ಸಿಗ್ನಲ್‌ನಲ್ಲಿ ನಿಲ್ಲಲು ಮಾತ್ರ ನಾನು ಬ್ರೇಕನ್ನೇ ಒತ್ತುತ್ತೇನೆ. ಗೇರ್ ಇಳಿಸುತ್ತಾ ಕ್ಲಚ್ ಸವೆಸುವುದಕ್ಕಿಂತ ಪ್ಯಾಡ್ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಇನ್ನೊಂದು ವಿಷಯ, ಗೇರ್‌ನಲ್ಲಿ ವೇಗ ಇಳಿಸುವಾಗ ಬ್ರೇಕ್ ಲೈಟ್ ಹತ್ತುವುದಿಲ್ಲ. ಹಿಂದೆ ಯಾರಾದರೂ ತೀರಾ ಹತ್ತಿರ ಬರುತ್ತಿದ್ದರೆ ಪೆಡಲನ್ನು ಹಗುರಾಗಿ ಮುಟ್ಟಿ ಅವರಿಗೆ ತಿಳಿಸುತ್ತೇನೆ.