ಸನ್ನದಿನ ಕರಡು: 13ನೇ ಅಧ್ಯಾಯ ಹೋಯಿತು, ಬಾಲ ಉಳಿಯಿತು

ವಿಶ್ವಸಂಸ್ಥೆಯ ಸನ್ನದಿಗೆ ಬರೆಯುತ್ತಿರುವ ತಿದ್ದುಪಡಿ ಕರಡಿನಲ್ಲಿ ‘ಶತ್ರುರಾಷ್ಟ್ರ’ (ಎರಡನೇ ಮಹಾಯುದ್ಧದಲ್ಲಿ ಸನ್ನದಿಗೆ ಸಹಿ ಹಾಕಿದವರ ಎದುರಾಳಿ) ಎಂಬ ಮಾತು ತೆಗೆಯುವ ಕೆಲಸ ಸಲೀಸಾಗಿ ಮುಗಿದಿದೆ. 53, 77, 107, ಮೂರೇ ವಿಧಿ. 53(2) ಹೋದ ಮೇಲೆ ಮೊದಲ ಖಂಡದ ಮುಂದೆ ಒಂಟಿಯಾಗಿ ನಿಂತ ‘1’ ಅನ್ನೂ ಒರೆಸುವುದು ಮರೆಯಬೇಡಿ. ತಲೆ ತಿಂದದ್ದು ಟ್ರಸ್ಟೀಶಿಪ್ ಕೌನ್ಸಿಲ್, ಅಂದರೆ ಇನ್ನೂ ಸ್ವತಂತ್ರವಾಗದ ‘ಟ್ರಸ್ಟ್ ಪ್ರದೇಶ’ಗಳ ಆಡಳಿತದ ಮೇಲೆ ಕಣ್ಣಿಡುತ್ತಿದ್ದ ಮಂಡಳಿ.

1994ರಲ್ಲಿ ಕೊನೆಯ ಟ್ರಸ್ಟ್ ಪ್ರದೇಶವಾದ ಪಲಾವ್ ದ್ವೀಪದೇಶ ಸ್ವತಂತ್ರವಾಯಿತು, ನವೆಂಬರ್ 1ರಿಂದ ಕೌನ್ಸಿಲ್ ಬಾಗಿಲು ಹಾಕಿತು. 13ನೇ ಅಧ್ಯಾಯ ಅಳಿಸಿ, 12ರಲ್ಲಿ ಬರುವ ಕೌನ್ಸಿಲ್ ಉಲ್ಲೇಖಗಳನ್ನೂ ತೆಗೆಯಬೇಕು ಎಂದಿತು 2005ರ ವಿಶ್ವ ಶೃಂಗಸಭೆ. ಅದರಂತೆ 86–91 ಪೂರ್ತಿ, ಜೊತೆಗೆ 83(3), 85(2) ಕತ್ತರಿಸಿದರೆ ಉಳಿಯುವುದು ನೋಡಿ: 7(1)ರಲ್ಲಿ ಕೌನ್ಸಿಲ್ ಇನ್ನೂ ಪ್ರಧಾನ ಅಂಗ. 18(2)ರ ಪ್ರಕಾರ ಅದರ ಸದಸ್ಯರ ಚುನಾವಣೆ 86(1)(ಸಿ) ಅನ್ವಯ, ಆ 86 ಆಗಲೇ ಕಸದಬುಟ್ಟಿಯಲ್ಲಿ. 98ರಲ್ಲಿ ಮಹಾಕಾರ್ಯದರ್ಶಿ ಅದರ ಸಭೆಗೆ ಹೋಗಬೇಕು. 101(2)ರಲ್ಲಿ ಅದಕ್ಕೆ ಕಾಯಂ ಸಿಬ್ಬಂದಿ. ಇಲ್ಲದ ಮನೆಗೆ ಗುಮಾಸ್ತರು!

ಕೌನ್ಸಿಲ್ ಹೆಸರು ಹಾಕಿ ಹುಡುಕಿದರೆ ಇವಿಷ್ಟೂ ಸಿಗುತ್ತವೆ, 16 ಮಾತ್ರ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಹೆಸರೇ ಇಲ್ಲ, ‘12 ಮತ್ತು 13ನೇ ಅಧ್ಯಾಯ’ ಎಂದಷ್ಟೇ ಇದೆ. ಹಾಗಾಗಿ ಹುಡುಕಾಟ ಮೂರು ಸಲ ಆಗಬೇಕು: ಹೆಸರು, ಅಧ್ಯಾಯದ ಸಂಖ್ಯೆ, 86ರಿಂದ 91ರ ವಿಧಿಸಂಖ್ಯೆ. 18(2)ರಲ್ಲಿ ಕೈ ಬಿಗಿಹಿಡಿಯಿರಿ. ಚುನಾವಣೆಯ ಮಾತು ಮಾತ್ರ ಹೋಗಲಿ. ಟ್ರಸ್ಟೀಶಿಪ್ ವ್ಯವಸ್ಥೆ ನಡೆಸುವ ಪ್ರಶ್ನೆಗಳು ಎಂಬ ಭಾಗ ಇರಲಿ, 12ನೇ ಅಧ್ಯಾಯ ಉಳಿದಿದೆಯಲ್ಲ. ಖಾಲಿಯಾದ ಸಂಖ್ಯೆಗಳನ್ನು ಮರುಜೋಡಿಸಲೇಬೇಡಿ. 92 ಹೋಗಿ 86 ಆದರೆ ಅಂತರರಾಷ್ಟ್ರೀಯ ನ್ಯಾಯಾಲಯದ ಬಗ್ಗೆ ಬರೆದ ಅಷ್ಟೂ ಉಲ್ಲೇಖ ದಾರಿ ತಪ್ಪುತ್ತದೆ.

ಮೂಲಪ್ರತಿ ಒದಗಿಸುವವರದ್ದು ಬೇರೆಯೇ ಗೋಳು. ಭದ್ರತಾ ಮಂಡಳಿಗೆ 11 ಸದಸ್ಯರು ಎನ್ನುವ 1945ರ ಪಠ್ಯ ಈಗಲೂ ಓಡಾಡುತ್ತಿದೆ. 23ನೇ ವಿಧಿ ತೆರೆಯಿರಿ, 15 ಇಲ್ಲದಿದ್ದರೆ ಮುಚ್ಚಿಬಿಡಿ. ಆದರೆ ಸನ್ನದಿನ ಮರುಪರಿಶೀಲನಾ ಸಮ್ಮೇಳನ ಕರೆಯಲು ಭದ್ರತಾ ಮಂಡಳಿಯ ಎಷ್ಟು ಮತ ಬೇಕು ಎನ್ನುವ 109(3)ರಲ್ಲಿ ‘ಏಳು’ ಕಂಡು ತಿದ್ದಲು ಹೋಗಬೇಡಿ, ಅದು ಸರಿ. 1968ರಲ್ಲಿ ಜಾರಿಗೆ ಬಂದ ತಿದ್ದುಪಡಿ 109(1)ರಲ್ಲಿ ಮಾತ್ರ ಏಳನ್ನು ಒಂಬತ್ತು ಮಾಡಿತು. ಮೂರನೆಯದು ಮಹಾಸಭೆಯ ಹತ್ತನೇ ಅಧಿವೇಶನಕ್ಕೆ ಕಟ್ಟಿದ್ದು, ಆ ಅಧಿವೇಶನ 1955ಕ್ಕೇ ಮುಗಿದಿದೆ.

ಮುಂದಿನ ಸರದಿ ಮಿಲಿಟರಿ ಸ್ಟಾಫ್ ಕಮಿಟಿ, ಅಂದರೆ ಭದ್ರತಾ ಮಂಡಳಿಗೆ ಸೇನಾ ಸಲಹೆ ಕೊಡುವ ಸಮಿತಿ: 26, 45, 46, 47ನೇ ವಿಧಿಗಳು. ಕೈ ಈಗಲೇ ತುರಿಸುತ್ತಿದೆ, ಆದರೆ 111ನೇ ವಿಧಿ ಐದು ಭಾಷೆಗಳನ್ನು ಅಧಿಕೃತ ಎನ್ನುತ್ತದೆ. ಚೀನಿ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಪಠ್ಯಗಳಲ್ಲಿ ಆ ಮೂರು ಹುಡುಕಾಟ ಇನ್ನೂ ಬಾಕಿ.