ಕಿವಿ ಯಾವ ಊರಲ್ಲಿದೆ?

ನಿನ್ನೆ ಸಂಜೆ ಮತ್ತೆ ಗುಡುಗು. ಕಾಸರಗೋಡಿನ ಬದಿಯಡ್ಕದಲ್ಲಿ ತುಲಾ ಮಳೆ ಶುರುವಾದರೆ ನನ್ನ ಮೊದಲ ಕೆಲಸ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋದ ಆಂಟೆನಾ ಕೇಬಲ್ ಕಳಚಿಡುವುದು. ಮಳೆ ನಿಂತ ಮೇಲೆ ಸಿಕ್ಕಿಸಿದೆ. 40 ಮೀಟರ್ ತರಂಗಗಳ ಬ್ಯಾಂಡಿನಲ್ಲಿ ಬರೀ ಚಟಪಟ, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಯಾರೋ ಕರೆಯುತ್ತಿದ್ದಾರೆ. ಅವರ ಕಾಲ್‌ಸೈನಿನ, ಅಂದರೆ ಸ್ಟೇಷನ್ನಿನ ಗುರುತಿನ ಹೆಸರಿನ, ಕೊನೆಯ ಅಕ್ಷರ ಮಾತ್ರ ಸಿಗ್ತಾ ಇಲ್ಲ.

ಭಾವ ಪಕ್ಕದಲ್ಲೇ ಚಾ ಕುಡಿಯುತ್ತಿದ್ದರು. "ಮೊಬೈಲಲ್ಲಿ ನೆದರ್‌ಲ್ಯಾಂಡಿನ ವೆಬ್‌ಎಸ್‌ಡಿಆರ್ ತೆಗೆದು ಕೇಳಿದರಾಯ್ತಲ್ಲ?" ಅಂದರು. ಅಲ್ಲಿನ ರಿಸೀವರ್‌ಗೆ ಬಂದದ್ದನ್ನು ಇಂಟರ್ನೆಟ್‌ನಲ್ಲಿ ಯಾರೂ ಕೇಳಬಹುದಾದ ವ್ಯವಸ್ಥೆ ಅದು.

ಕೇಳಬಹುದು, ಸುಮ್ನೆ ಖುಷಿಗೆ. ಸ್ಪರ್ಧೆಯಲ್ಲಿ ಆಗದು. ಸಿಕ್ಯೂ ವರ್ಲ್ಡ್‌ವೈಡ್ ಅನ್ನುವ ಹ್ಯಾಮ್ ಸ್ಪರ್ಧೆಯಲ್ಲಿ ಟ್ರಾನ್ಸ್‌ಮಿಟರ್, ರಿಸೀವರ್ ಎಲ್ಲ 500 ಮೀಟರ್ ವ್ಯಾಸದ ಒಂದೇ ವೃತ್ತದೊಳಗೆ ಇರಬೇಕು. ಇಡೀ ಸ್ಟೇಷನ್ನನ್ನೇ ಇಂಟರ್ನೆಟ್ ಮೂಲಕ ದೂರದಿಂದ ನಡೆಸಿ, ಅಡ್ಡಿಯಿಲ್ಲ. ಬಾಯಿ ಕಾಸರಗೋಡಿನಲ್ಲಿ, ಕಿವಿ ಯುರೋಪಿನಲ್ಲಿ ಅಂದರೆ ಮೋಸವೇ ಅಲ್ವಾ? ನನ್ನ ಅಡಿಕೆ ಮರದ ತಂತಿಗೆ ಬಾರದ ಸಿಗ್ನಲ್ ನನಗೆ ಬಂದ ಹಾಗೆ ಹೇಗಾಗುತ್ತದೆ?

ಆದರೂ ಫ್ಲ್ಯಾಟಿನಲ್ಲಿರುವ ಹ್ಯಾಮ್‌ಗಳನ್ನು ನೆನೆದರೆ ಪಾಪ ಅನಿಸುತ್ತದೆ. ಅಲ್ಲಿ ಗುಡುಗೇ ಬೇಕಿಲ್ಲ, ನಾಲ್ಕು ಕಳಪೆ ಚಾರ್ಜರ್, ಎಲ್‌ಇಡಿ ಬಲ್ಬು ಸಾಕು, ಬ್ಯಾಂಡಿಡೀ ಗೊರಗೊರ. ದೂರದ ರಿಸೀವರ್‌ನಲ್ಲಿ ಕೇಳಲು ಅವರಿಗೆ ಸ್ಪರ್ಧೆಯಲ್ಲಿ ಬೇರೆಯೇ ವಿಭಾಗ ಇಟ್ಟರೆ ನನ್ನ ತಕರಾರಿಲ್ಲ.

ಕೊನೆಗೂ ಆ ಅಕ್ಷರ ಸಿಗಲಿಲ್ಲ. ಲಾಗ್‌ಬುಕ್ಕಿನಲ್ಲಿ ಆ ಸಾಲು ಹೊಡೆದುಹಾಕಿದೆ. ಭಾವ ಇನ್ನೊಂದು ಚಾ ಕೇಳಿದರು.