ಕೈ ತಾನೇ ಏಳಲಿ ಎಂದ ಮೇಷ್ಟ್ರು

ಆಸನ ಕಲಿಸಿದ ಮೇಷ್ಟ್ರು ತೀರಿಕೊಂಡರೆಂದು ಸಹಪಾಠಿಯೊಬ್ಬ ಫೋನ್ ಮಾಡಿದಾಗಿನಿಂದ ಬೆಂಗಳೂರು ಬಳಿಯ ಜಿಗಣಿಯಲ್ಲಿ ನಾವು ಯೋಗಚಿಕಿತ್ಸೆ ಕಲಿತ ಪ್ರಶಾಂತಿ ಕುಟೀರದ ದಿನಗಳೇ ಕಣ್ಣಮುಂದಿವೆ. ಪಂಚಕೋಶ, ನಾಡಿಗಳ ಪಾಠ ಪರೀಕ್ಷೆ ಮುಗಿದೊಡನೆ ಮರೆತುಹೋಯಿತು. ಉಳಿದದ್ದು ನಿಂತು ಪಕ್ಕಕ್ಕೆ ಬಾಗುವ ಅವರ ಅರ್ಧಕಟಿ ಚಕ್ರಾಸನ.

ಆಸನ, ವಿಶ್ರಾಂತಿ ಒಂದಾದ ಮೇಲೊಂದು ಬರುವ ಆವರ್ತನ ಧ್ಯಾನಕ್ಕೆ ಮೊದಲು ಮಾಂಡೂಕ್ಯ ಕಾರಿಕೆಯ ‘ಲಯೇ ಸಂಬೋಧಯೇತ್ ಚಿತ್ತಂ’ (ಮನಸ್ಸು ಜಡವಾದಾಗ ಅದನ್ನು ಎಚ್ಚರಿಸಬೇಕು) ಶ್ಲೋಕ ಹೇಳಿಸುತ್ತಿದ್ದರು. ಆಮೇಲೆ ಬಲಗೈ ಪಕ್ಕದಿಂದ ಏಳಬೇಕು. ಭುಜದ ಮಟ್ಟಕ್ಕೆ ಬಂದಾಗ ಅಂಗೈ ಮೇಲಾಗಬೇಕು, ತೋಳು ಕಿವಿಗೆ ತಾಗಿದ ಮೇಲಷ್ಟೇ ಎಡಕ್ಕೆ ಬಾಗುವುದು. ‘ನೀವು ಎತ್ತಬೇಡ್ರಪ್ಪಾ, ಕೈ ತಾನೇ ಏಳಲಿ’ ಎನ್ನುತ್ತಿದ್ದರು. ಅಷ್ಟು ನಿಧಾನಕ್ಕೆ ಎದ್ದಾಗ ಬೆರಳ ತುದಿ ಜುಮ್ಮೆನ್ನುತ್ತಿತ್ತು.

ರೋಗಿಗಳೂ ನಾವೂ ಒಂದೇ ಆವರಣದಲ್ಲಿದ್ದೆವು, ಊಟವೂ ಒಟ್ಟಿಗೆ. ರಾತ್ರಿ ಮಲಗಲಾಗದೆ ಗೋಡೆಗೊರಗಿ ಕೂರುತ್ತಿದ್ದ ಆಸ್ತಮಾದ ಅಜ್ಜಿಯೊಬ್ಬರನ್ನು ಮೇಷ್ಟ್ರು ನನಗೇ ಒಪ್ಪಿಸಿದರು. ಕೈ ಅಗಲಿಸುತ್ತ ಉಸಿರು ಒಳಕ್ಕೆ, ಕೂಡಿಸುತ್ತ ಹೊರಕ್ಕೆ. ಹೊರಹೋಗುವ ಉಸಿರು ಉದ್ದವಿರಬೇಕು. ಯೋಗ ಸಂಶೋಧಕರಾದ ಡಾ. ನಾಗರತ್ನ, ಡಾ. ನಾಗೇಂದ್ರ ಅವರು 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿದ್ದರಲ್ಲ, 53 ಆಸ್ತಮಾ ರೋಗಿಗಳು ಎರಡು ವಾರ ಯೋಗ ಕಲಿತು, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಬೇಕೆಂಬ ಸಲಹೆ ಪಡೆದ ಮೇಲೆ, ಯೋಗ ಮಾಡದವರಿಗಿಂತ ಅವರಿಗೆ ಉಬ್ಬಸ ಕಡಿಮೆಯಾದದ್ದನ್ನು. ನನಗೆ ಅದರಲ್ಲಿ ನಂಬಿಕೆ ಹುಟ್ಟಿದ್ದು ಆ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ.

ತುಂಟತನಕ್ಕೂ ಬರವಿರಲಿಲ್ಲ. ಹೊಟ್ಟೆ ತೊಳೆಯುವ ಶುದ್ಧಿಕ್ರಿಯೆಯ ಹಿಂದಿನ ಸಂಜೆ ನಮ್ಮ ಕೋಣೆಯ ಇಬ್ಬರು ಗೇಟು ದಾಟಿ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದು ಬಂದರು. ಬೆಳಗ್ಗೆ ವಮನ ಧೌತಿ. ಬೆಚ್ಚಗಿನ ಉಪ್ಪುನೀರು ಹೊಟ್ಟೆತುಂಬ ಕುಡಿದು ಬಗ್ಗಿದ್ದೇ ತಡ, ಬಜ್ಜಿಯ ಕಥೆಯೆಲ್ಲ ಎಲ್ಲರೆದುರೇ ಹೊರಬಂತು! ಗಂಟಲು ಉರಿದು ಇಬ್ಬರ ಕಣ್ಣಲ್ಲೂ ನೀರು. ಮೇಷ್ಟ್ರು ಬೈಯಲಿಲ್ಲ. ಬೆನ್ನು ನೀವಿ, ಪೊಂಗಲ್‌ಗೆ ತಾವೇ ಎರಡು ಚಮಚ ತುಪ್ಪ ಹಾಕಿ, ಪಕ್ಕದಲ್ಲೇ ಕೂತು ಉಣ್ಣಿಸಿದರು.

ಈಗ ಮೊಬೈಲಿನಲ್ಲೇ ವಾರಾಂತ್ಯದ ಕೋರ್ಸು, ಕೈಗೆ ಪ್ರಮಾಣಪತ್ರ. ಆಸನದ ಹೆಸರು ಗೊತ್ತಿರುತ್ತದೆ. ರೋಗಿಯ ಜೊತೆ ಒಂದು ರಾತ್ರಿ ಕಳೆದಿರುವುದಿಲ್ಲ. ನೋವಾಗುತ್ತದೆ. ನನ್ನ ಬಳಿ ಕಲಿಯಲು ಬರುವವರನ್ನು ನಾನು ಮೊದಲು ರೋಗಿಯ ಪಕ್ಕ ಕೂರಿಸುತ್ತೇನೆ. ಅವರಲ್ಲಿ ಹಲವರು ಇಂದು ಒಳ್ಳೆಯ ಚಿಕಿತ್ಸಕರೆಂದು ಹೆಸರು ಮಾಡಿದ್ದಾರೆ, ಆ ಹೆಮ್ಮೆ ನನಗಿದೆ.

ಮೇಷ್ಟ್ರ ಸೂಚನೆಗಳನ್ನು ಕೆಲವರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಯಾರ ಬಳಿಯಾದರೂ ಉಳಿದಿದ್ದರೆ ದಯವಿಟ್ಟು ನಮ್ಮ ಗ್ರಂಥಾಲಯಕ್ಕೆ ಕೊಡಿ. ಪ್ರತಿ ಮಾಡಿಸುವ ಖರ್ಚು ನನ್ನದು.